ಹಿಂದೆ ಕುಳಿತವರಿಗೆ ಕೇಳಿಸುತ್ತದೆಯೇ

ಆ ಸೋಮವಾರ ಬೆಳಿಗ್ಗೆ ಗದಗಿನ ಮೇಲೆ ಮೋಡ ದಟ್ಟೈಸಿತ್ತು. ಮಳೆ ಮಾತ್ರ ಇಲ್ಲ. ಆಷಾಢದ ಗಾಳಿ ಓಣಿಯ ಧೂಳನ್ನೆಲ್ಲ ಎತ್ತಿ ಎತ್ತಿ ಒಗೆಯುತ್ತಿತ್ತು. ಅಂಥ ಗಾಳಿಯಲ್ಲೂ ಸೋಮಲಿಂಗಪ್ಪ ತನ್ನ ಹಳೆಯ ಕಾರಿಗೆ ಮಾವಿನ ತಳಿರು ಕಟ್ಟಿ, ಓಣಿಯವರನ್ನೆಲ್ಲ ಕೂಗಿ ಕರೆದಿದ್ದ. ಬಸ್ ಡಿಪೋದಲ್ಲಿ ಮೂವತ್ತು ವರ್ಷ ವೈರು ಜೋಡಿಸಿ ನಿವೃತ್ತನಾದ ಮನುಷ್ಯ. ಕೆಟ್ಟ ಮಿಕ್ಸರಿನಿಂದ ಹಿಡಿದು ಮಠದ ಮೈಕಿನವರೆಗೆ ಅವನ ಕೈ ಸೋಕದ ಯಂತ್ರ ಓಣಿಯಲ್ಲಿರಲಿಲ್ಲ. ಸೋಕಿದ ಮೇಲೆ ಮೊದಲಿನಂತೆ ಉಳಿದದ್ದೂ ಇರಲಿಲ್ಲ.

"ಹಿಂದಿನ ಸ್ಪೀಕರ್ ನೋಡ್ರಿ. ಹತ್ತು ಇಂಚಿನವು. ಕಂಪನಿಯವ್ರು ಕೊಟ್ಟಿದ್ದು ಅಂಗೈ ಅಗಲದವು. ಪೂರಾ ನಾನ ಕೂಡಿಸೀನಿ, ಮೆಕ್ಯಾನಿಕ್ ಒಬ್ಬನೂ ಕೈ ಹಚ್ಚಿಲ್ಲ."

"ಮೆಕ್ಯಾನಿಕ್ ಕೈ ಹಚ್ಚಿಲ್ಲ ಖರೆ. ನನ್ನ ರೊಟ್ಟಿ ಹಂಚು ಹಚ್ಯಾರ," ಎಂದಳು ಹೆಂಡತಿ ಕಸ್ತೂರೆವ್ವ. ಹಿಂದಿನ ಸೀಟಿನ ಬೆನ್ನಿಗಿದ್ದ ಹಲಗೆಯ ಮೇಲೆ ಅವನು ಆ ಹಂಚನ್ನು ಬೋರಲು ಹಾಕಿ, ಸುತ್ತ ಗೆರೆ ಎಳೆದು, ಗರಗಸದಿಂದ ಕೊರೆದಿದ್ದ; ಹಂಚು ಇನ್ನೂ ಕಾರಿನಲ್ಲೇ ಇತ್ತು. "ಎರಡು ದಿನದಿಂದ ಬರೇ ಅನ್ನ ಉಣ್ಣಾಕ ಹತ್ತೇವಿ, ವಿಜ್ಞಾನದ ಸಲುವಾಗಿ."

ಸ್ಪೀಕರ್ ಎಲ್ಲಿಯವೆಂದು ಯಾರೂ ಕೇಳಲಿಲ್ಲ. ಸೋಮಲಿಂಗಪ್ಪನಿಗೆ ಎದೆ ಹಗುರಾಯಿತು. ಆರು ತಿಂಗಳ ಹಿಂದೆ ಮಠದ ಭಜನಾ ಮಂಡಳಿಯವರು ತಮ್ಮ ಸ್ಪೀಕರ್ ಪೆಟ್ಟಿಗೆಯನ್ನು ರಿಪೇರಿಗೆಂದು ಅವನಿಗೆ ಒಪ್ಪಿಸಿದ್ದರು. ಸಡಿಲಾಗಿದ್ದುದು ಒಂದು ವೈರು, ಅಷ್ಟೆ. ಒಳಗಿನ ಎರಡು ಸ್ಪೀಕರುಗಳ ದನಿ ಹೊರಡಿಸುವ ದಪ್ಪ ಕಾಗದ, ತೂಕದ ಅಯಸ್ಕಾಂತ ಕಂಡು ಅವನ ಮನಸ್ಸೂ ಸಡಿಲಾಯಿತು. ಅವನ್ನು ಬಿಚ್ಚಿಟ್ಟುಕೊಂಡು, ಕಾರಿನ ಪುಟ್ಟ ಸ್ಪೀಕರುಗಳನ್ನು ಅಲ್ಲಿ ಕೂಡಿಸಿ, ಮುಂದೆ ಬಟ್ಟೆ ಎಳೆದು ಮಠಕ್ಕೆ ಕಳಿಸಿದ್ದ.

ಆದರೆ ದೊಡ್ಡವಕ್ಕೆ ಒಂದು ಚಾಳಿ. ಹಚ್ಚಿದೊಡನೆ ಒಳಗಿಂದ ಜೀರುಂಡೆಯಂತೆ ಗುಂಯ್ ಎನ್ನುತ್ತಿದ್ದವು. ಸ್ಪೀಕರಿಗೆ ಬಾಯಿಯಷ್ಟೇ ಅಲ್ಲ, ಕಿವಿಯೂ ಉಂಟು. ಎದುರಿಗೆ ಆಡಿದ್ದು, ಹಾಡಿದ್ದು ಎಲ್ಲವೂ ಅದರ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಅದನ್ನು ತೊಳೆದು ತೆಗೆಯಬೇಕು. ಇದು ಅವನ ಸಿದ್ಧಾಂತ. ತೊಳೆಯಲೆಂದೇ ಆರು ತಿಂಗಳು ಕುಳಿತು, ಉಪ್ಪಿನಕಾಯಿ ಡಬ್ಬಿಯೊಳಗೆ ಒಂದು ಯಂತ್ರ ಕಟ್ಟಿದ್ದ. ಹೆಸರು 'ನಾದಮಾರ್ಜಕ'.

ಕಾರಿನಲ್ಲಿ ಹಾಡು ಹಚ್ಚಿ, ಡಬ್ಬಿಯ ಗುಂಡಿ ಒತ್ತಿದ. ಸಿನಿಮಾ ಹಾಡೊಂದು ಗುಡುಗಿನಂತೆ ಹೊರಟು ಕಿಟಕಿಗಳು ನಡುಗಿದವು. "ಭಲೇ," ಎಂದ ಟೇಲರ್ ಹುಸೇನಸಾಬ.

ಅಷ್ಟರಲ್ಲಿ ಹಾಡು ನಿಂತಿತು. ಹಿಂದಿನಿಂದ ಯಾರೋ ಕೆಮ್ಮಿದರು. ಮೈಕಿನ ಮೇಲೆ ಟಕ್ ಟಕ್ ಎಂದು ಬೆರಳು ಬಿತ್ತು.

"ಹಿಂದ ಕುಂತವ್ರಿಗೆ ಕೇಳಿಸ್ತೈತೇನ್ರಪಾ?"

ಇಡೀ ಓಣಿ ಬಲ್ಲ ದನಿ ಅದು. ಮಂಡಳಿಯ ಹಿರಿಯ ಫಕೀರಯ್ಯಜ್ಜ ನಲವತ್ತು ವರ್ಷ ಪ್ರತಿ ಸೋಮವಾರ ಭಜನೆಗೆ ಮುಂಚೆ ಕೇಳುತ್ತಿದ್ದ ಮಾತು. ಹುಸೇನಸಾಬ ಬಗ್ಗಿ ಸೀಟಿನ ಕೆಳಗೆ ನೋಡಿದ. "ಅಜ್ಜಾರು ಒಳಗ ಇಲ್ರಿ."

ತಾಳ ಬಿತ್ತು. ನಲವತ್ತು ವರ್ಷದ ಭಜನೆ ಕಟ್ಟೆಯೊಡೆದ ಕೆರೆಯಂತೆ ಹೊರಗೆ ನುಗ್ಗಿತು. ಸೋಮಲಿಂಗಪ್ಪ ಕೀಲಿ ತಿರುವಿದ; ನಿಲ್ಲಲಿಲ್ಲ. ವೈರು ಕಿತ್ತ, ಮತ್ತಷ್ಟು ಏರಿತು. ವೈಪರ್ ತಾನಾಗಿ ತಾಳ ಹಿಡಿಯಿತು, ಡಿಕ್ಕಿಯ ಬಾಗಿಲು ದಮ್ಮಡಿ ಬಡಿಯಿತು. ಓಣಿಯ ಮುದುಕಿಯೊಬ್ಬಳು ಬಾನೆಟ್ಟಿನ ಸಂದಿಗೆ ಊದಿನಕಡ್ಡಿ ಸಿಕ್ಕಿಸಿ ಕೈಮುಗಿದಳು. ಇನ್ನೊಬ್ಬಳು ತೆಂಗಿನಕಾಯಿ ತಂದಳು.

"ಬಂಪರಿಗೆ ಒಡೀಬ್ಯಾಡಬೇ," ಎಂದು ಸೋಮಲಿಂಗಪ್ಪ ಅಡ್ಡ ನಿಂತ.

"ನೀ ಆಚಿ ಸರಿ. ದೇವರು ಬಂದಾನ."

ದೇವರ ಬದಲು ಬಂದವರು ಫಕೀರಯ್ಯಜ್ಜ. ಕೋಲೂರಿಕೊಂಡು ಬಂದು, ಕಾರಿನ ಹಿಂದೆ ನಿಂತು, ತಮ್ಮದೇ ಹಾಡನ್ನು ಕಣ್ಣು ಮುಚ್ಚಿ ಕೇಳಿದರು.

"ಇದು ನನ್ನ ದನಿ ಅಲ್ಲೇನಪಾ, ಸೋಮಪ್ಪಾ? ಹಿಂದಿನವ್ರಿಗೆ ಮುಟ್ಟವಲ್ದು, ವಯಸ್ಸಾತು ಅಂತ ನಾ ಹಾಡೂದ ಬಿಟ್ಟು ನಾಕು ತಿಂಗಳಾತು. ಡಾಕ್ಟರು ಗಂಟಲಾಗ ಏನೂ ಇಲ್ಲ ಅಂದ್ರು. ನಿನ್ನ ಕಾರಿನ್ಯಾಗ ಹೆಂಗ ಬಂತು?"

ಸೋಮಲಿಂಗಪ್ಪ ಆಗಲೇ ಹೇಳಿಬಿಡಬಹುದಿತ್ತು. ಬಾಯಿ ತೆರೆದ, ಬಂದದ್ದು ಬೇರೆ ಮಾತು. "ಅದು... ಗಾಳ್ಯಾಗ ತೇಲಿ ಬರ್ತೈತ್ರಿ ಅಜ್ಜಾರ. ವಿಜ್ಞಾನ."

ಭಜನೆ ನಿಂತಿತು. ಕಾಗದದ ನೆನಪು ಹಳೆಯದೆಲ್ಲ ಮುಗಿದು, ರಿಪೇರಿಯ ದಿನಕ್ಕೆ ಬಂದು ಮುಟ್ಟಿತ್ತು. ತಿರುಪು ಬಿಚ್ಚುವ ಕಿರಕಿರ ಕೇಳಿಸಿತು. ಹಿಂದೆಯೇ ಸೋಮಲಿಂಗಪ್ಪನ ಸ್ವಂತ ದನಿ, ಹತ್ತು ಇಂಚು ಅಗಲವಾಗಿ:

"ಮುದುಕ್ರಿಗೆ ಇಷ್ಟು ದೊಡ್ಡವು ಯಾಕ? ಸಣ್ಣವು ಹಾಕಿ ಕೊಟ್ರ ಯಾರಿಗೆ ತಿಳೀತೈತಿ? ದನಿ ಕಮ್ಮಿ ಆತಂದ್ರ ವಯಸ್ಸಾತು ಅನ್ಕೋತಾರ."

ಸ್ಪೀಕರುಗಳು ನಿಜಕ್ಕೂ ಒಳ್ಳೆಯವು. ಒಂದಕ್ಷರವೂ ಮಸುಕಾಗಲಿಲ್ಲ. ಮನುಷ್ಯ ಮುಚ್ಚಿಟ್ಟದ್ದನ್ನು ಶಿವ ಕೇಳಿಸಿಕೊಂಡು ಸುಮ್ಮನಿರುತ್ತಾನೆ. ಕಾಗದಕ್ಕೆ ಅಷ್ಟು ಸೈರಣೆ ಎಲ್ಲಿಯದು? ಜನ ಅವನ ಮುಖ ನೋಡಲಿಲ್ಲ, ತಮ್ಮ ತಮ್ಮ ಕಾಲು ನೋಡಿಕೊಂಡರು. ಹುಸೇನಸಾಬ ಅಳತೆಯ ಟೇಪು ಸುತ್ತಿಕೊಳ್ಳುತ್ತ ಅಂಗಡಿಗೆ ನಡೆದ. ಅಜ್ಜ ಬೈದಿದ್ದರೆ ಸೋಮಲಿಂಗಪ್ಪನಿಗೆ ನಿಲ್ಲಲು ಒಂದು ನೆಲ ಸಿಗುತ್ತಿತ್ತು. ಅವರು ಬೈಯಲಿಲ್ಲ.

"ಸಂಜಿಗೆ ಭಜನಿ ಐತಿ," ಎಂದಷ್ಟೇ ಹೇಳಿ ಹೊರಟರು.

ಮಧ್ಯಾಹ್ನವೆಲ್ಲ ಸೋಮಲಿಂಗಪ್ಪ ಕಾರಿನಲ್ಲಿ ಕುಳಿತು ತಿರುಪು ಬಿಚ್ಚಿದ. ಕಸ್ತೂರೆವ್ವ ಹಂಚು ತೊಳೆಯುತ್ತ ಒಂದೇ ಮಾತು ಅಂದಳು: "ತೊಳದ್ರ ಹೋಗೂ ಮಸಿ ಬ್ಯಾರೆ, ನೋಡ್ರಿ."

ಸಂಜೆ ಮಠದಲ್ಲಿ ಪುಟ್ಟವನ್ನು ಬಿಚ್ಚಿಟ್ಟು, ದೊಡ್ಡ ಸ್ಪೀಕರುಗಳನ್ನು ಪೆಟ್ಟಿಗೆಯೊಳಗೆ ಕೂಡಿಸಿ, ಅವನು ಚಪ್ಪಲಿಗಳ ಪಕ್ಕ, ಕೊನೆಯ ಸಾಲಿನಲ್ಲಿ ಕುಳಿತ. ಫಕೀರಯ್ಯಜ್ಜ ಮೈಕು ತಟ್ಟಿದರು.

"ಹಿಂದ ಕುಂತವ್ರಿಗೆ ಕೇಳಿಸ್ತೈತೇನ್ರಪಾ?"

ಎಲ್ಲರಿಗಿಂತ ಹಿಂದೆ ಕುಳಿತವನು ಅವನೇ. ಉತ್ತರ ಅವನೇ ಕೊಡಬೇಕಿತ್ತು. "ಕೇಳಿಸ್ತೈತ್ರಿ ಅಜ್ಜಾರ," ಎಂದ. ಆ ದನಿ ಪಕ್ಕದ ಚಪ್ಪಲಿಗೂ ಮುಟ್ಟಲಿಲ್ಲ.

ಮಂಗಳಾರತಿಯಾದ ಮೇಲೆ ಅಜ್ಜ ಒಳಗೆ ಹೋಗಿ ಬಟ್ಟೆಯ ಗಂಟೊಂದನ್ನು ತಂದರು. ಕಾರಿನ ಎರಡು ಪುಟ್ಟ ಸ್ಪೀಕರುಗಳು. ಧೂಳು ಒರೆಸಿ ವಿಭೂತಿ ಹಚ್ಚಿದ್ದರು.

"ಹುಷಾರಪಾ," ಎಂದರು ಮೆಲ್ಲಗೆ. "ಇವೂ ಆರು ತಿಂಗಳು ಎಲ್ಲಾ ಕೇಳ್ಯಾವ."

ಗಂಟನ್ನು ಅವನ ಎರಡೂ ಅಂಗೈಗಳ ಮೇಲಿಟ್ಟು, ಪ್ರಸಾದ ಹಂಚಲು ಮುಂದೆ ಹೋದರು.