ಮೆಕ್ಸಿಕೊದ ಅವ್ವಗ ವಿಜಾಪುರದ ಎಡಿ

ನಮ್ಮ ಕಾಲೇಜಿನಲ್ಲಿ ನೆಟ್ಟಗೆ ಸುರುವಾದ ಕಾರ್ಯಕ್ರಮ ನೆಟ್ಟಗೆ ಮುಗಿದದ್ದನ್ನು ನಾನಂತೂ ನೋಡಿಲ್ಲ. ನಾನು ಪಿ.ಯು.ಸಿ.ಗೆ ಎರಡನೆಯ ಸಲ ಕೂತವನು. ಅಂದರೆ ಉಳಿದವರಿಗಿಂತ ಒಂದು ವರ್ಷ ಹೆಚ್ಚು ನೋಡಿದವನು, ಆದ್ದರಿಂದ ನನ್ನ ಮಾತು ನಂಬಬೇಕು. ದಿನಾ ತಿಕೋಟಾದಿಂದ ಬಸ್ಸು ಹತ್ತಿ ವಿಜಾಪುರದ ಕಾಲೇಜಿಗೆ ಬರುತ್ತೇನೆ. ಕಾಲೇಜಿಗೆ ಎಂದೆ, ಕ್ಲಾಸಿಗೆ ಎನ್ನಲಿಲ್ಲ. ಮಂದಿಯನ್ನು ನಗಿಸುವುದೇ ನನ್ನ ಕೆಲಸ ಎಂದು ಎಲ್ಲರೂ ತಿಳಿದಿದ್ದಾರೆ. ಈ ಕೆಳಗಿನವುಗಳಿಗೆ ನಾನೂ ನಕ್ಕಿದ್ದೇನೆ. ಒಂದಕ್ಕೆ ಮಾತ್ರ ನಗು ಬರಲಿಲ್ಲ. ಅದನ್ನು ಬಿಟ್ಟು ಬರೆದರೆ ಉಳಿದದ್ದಕ್ಕೆ ಅರ್ಥವಿಲ್ಲ, ಅದಕ್ಕೆ ಅದನ್ನೂ ಬರೆದಿದ್ದೇನೆ.

ಹಾರ ಬಿದ್ದದ್ದು

ಮೆಕ್ಸಿಕೊ ದೇಶದ ಒಬ್ಬ ಹೆಣ್ಣುಮಗಳು ನಮ್ಮೂರ ಬಾವಡಿ ಎಂಬ ಹಳೆಯ ದೊಡ್ಡ ಬಾವಿಗಳು, ಕೆರೆಗಳ ಮೇಲೆ ಪುಸ್ತಕ ಬರೆಯಲು ಬರುತ್ತಾರೆ, ಒಂದು ವರ್ಷ ನಮ್ಮ ಹುಡುಗಿಯರ ಹಾಸ್ಟೆಲಿನಲ್ಲಿ ಇರುತ್ತಾರೆ, ವಾರಕ್ಕೆರಡು ದಿನ ನಮಗೆ ಇಂಗ್ಲಿಷ್ ಮಾತಾಡಲು ಕಲಿಸುತ್ತಾರೆ ಎಂದು ಪ್ರಿನ್ಸಿಪಾಲರು ನೋಟೀಸು ಹಚ್ಚಿದರು. ಬರುವ ದಿನ ಬ್ಯಾಂಡಿನವರನ್ನು ಕರೆದುಕೊಂಡು ಅರ್ಧ ಕಾಲೇಜು ಸ್ಟೇಶನ್ನಿಗೆ ಹೋಯಿತು.

ಸೊಲ್ಲಾಪುರದ ಗಾಡಿ ಬಂತು. ಒಂದು ಡಬ್ಬಿಯಿಂದ ಹಾಲಿನಂಥ ಮೈಬಣ್ಣದ, ಬೆಕ್ಕಿನ ಕಣ್ಣಿನ ಬಾಯೊಬ್ಬರು ಇಳಿದರು. ಪ್ರಿನ್ಸಿಪಾಲರು ಓಡಿಹೋಗಿ ಹಾರ ಹಾಕಿಯೇ ಬಿಟ್ಟರು. ಬ್ಯಾಂಡು ಬಾರಿಸಿತು. ಆ ಬಾಯಿ ಪುಣೆಯವರು, ತಂಗಿಯ ಮಗಳ ಮದುವೆಗೆ ಬಂದವರು. ಹಾರ ನೋಡಿ ಕಣ್ಣೀರು ತಂದು, "ಬೀಗರು ಭಾಳ ಚಲೋ ಮಂದಿ ಅದಾರ" ಎಂದು ಮರಾಠಿಯಲ್ಲಿ ಪ್ರಿನ್ಸಿಪಾಲರ ಕೈ ಹಿಡಿದರು.

ಅದೇ ಡಬ್ಬಿಯ ಬಾಗಿಲಿನಲ್ಲಿ ಇನ್ನೊಬ್ಬರು ತಗಡಿನ ಟ್ರಂಕು ಹಿಡಿದು ನಿಂತಿದ್ದರು. ನಮ್ಮದೇ ಬಣ್ಣ, ಎರಡು ಜಡೆ, ಮುಂಬೈಯಲ್ಲಿ ಕೊಂಡ ಹೊಸ ಸೀರೆ. ನಮ್ಮ ಕಾಲೇಜಿನ ಮುದುಕ ಸಿಪಾಯಿ ಅವರಿಗೆ, "ಸರಕೊಳ್ರಿ ಬಾಯಾರ, ಪರದೇಶದವರು ಬಂದಾರ" ಎಂದು ದಾರಿ ಬಿಡಿಸಿದ. ಪಾಪ, ಸರಿದು ನಿಂತರು.

ಹಾರ ಹಾಕಿದ ಕೂಡಲೇ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವರೂ ಅವರೇ.

ಮೆಣಸಿನಕಾಯಿ ಯಾರದು

ಮೂರು ತಿಂಗಳಲ್ಲಿ ಆ ಟ್ರಂಕಿನ ಬಾಯಾರು, ಮೆಕ್ಸಿಕೊದವರು ಅವರೇ, ನಮ್ಮಿಂದ ಕನ್ನಡ ಕಲಿತರು. ನಾವು ಅವರಿಂದ ಇಂಗ್ಲಿಷ್ ಕಲಿಯಲಿಲ್ಲ.

ಒಂದು ಮಧ್ಯಾಹ್ನ ಹಾಸ್ಟೆಲಿನ ಕಟ್ಟೆಯ ಮೇಲೆ ಊಟಕ್ಕೆ ಕೂತಾಗ ಬಾಯಾರು ಹಸಿಮೆಣಸಿನಕಾಯಿ ಕಚ್ಚುತ್ತ, "ಇದು ನಮ್ಮ ಕಡೀದು. ಹಿಂದಕ ಹಡಗಿನ್ಯಾಗ ಬಂದದ್ದು. ಶೇಂಗಾ, ಮೆಕ್ಕಿಜೋಳ, ಟೊಮೆಟೊ, ಪೇರಲ, ಎಲ್ಲಾ ನಮ್ಮ ಕಡಿಂದನ ಬಂದಾವ" ಎಂದರು.

ಸಿಪಾಯಿಗೆ ಸಿಟ್ಟು ಬಂತು. "ಹಂಗಾರ ನಮ್ಮ ಹಿರ್ಯಾರು ರೊಟ್ಟಿ ಜೋಡಿ ಏನ ಕಡೀತಿದ್ರು, ಗಾಳಿನ? ಶೇಂಗಾ ನಿಮ್ಮದು, ಮೆಣಸಿನಕಾಯಿ ನಿಮ್ಮದು. ನಾಳಿ ಗೋಳಗುಮ್ಮಟನೂ ನಾವ ತಂದು ಇಟ್ಟೀವಿ ಅಂತೀರಿ!"

ಬಾಯಾರು ಗುಮ್ಮಟದ ಕಡೆ ಒಂದು ಗಳಿಗೆ ನೋಡಿದರು. "ಇಲ್ರಿ ಕಾಕಾ. ಅದು ಭಾಳ ವಜ್ಜಿ ಆತು, ಹಡಗಿನ್ಯಾಗ ಹಿಡಿಸಲಿಲ್ಲ."

ಹದ್ದಿನ ಸ್ಟ್ಯಾಂಪು

ನಗು ಬರದದ್ದು ಇದೇ.

ಪೋಸ್ಟ್‌ಮನ್ ಚಾಚಾ ದಿನಾ ಆಫೀಸಿನ ಮುಂದಿನ ಹಲಗೆಯ ಮೇಲೆ ಕಾಗದ ಇಟ್ಟು ಹೋಗುತ್ತಿದ್ದರು. ಅವರವರ ಕಾಗದ ಅವರವರು ತೆಗೆದುಕೊಳ್ಳಬೇಕು. ಮಳೆಗಾಲದ ಒಂದು ದಿನ ಬಾಯಾರ ಹೆಸರಿನ ಲಕೋಟೆ ಬಂದಿತ್ತು. ಅದರ ಮೇಲೆ ಹಾವನ್ನು ಕಚ್ಚಿಕೊಂಡು ಕೂತ ಹದ್ದಿನ ಸ್ಟ್ಯಾಂಪು. ಅಂಥದ್ದನ್ನು ನಾನು ಜನ್ಮದಲ್ಲಿ ನೋಡಿರಲಿಲ್ಲ. ನೀರು ಹಚ್ಚಿ ಸ್ಟ್ಯಾಂಪು ಬಿಚ್ಚಿಕೊಂಡು, ಲಕೋಟೆಯನ್ನು ಮರುದಿನ ಇದ್ದಲ್ಲೇ ಇಡುವುದೆಂದು ಎತ್ತಿಕೊಂಡೆ. ಬಿಚ್ಚುವಾಗ ಲಕೋಟೆಯ ಮೂಲೆ ಹರಿಯಿತು. ಹರಿದದ್ದನ್ನು ಹೇಗೆ ಇಡಲಿ? ನಾಳೆ ಎಂದುಕೊಂಡೆ. ನಾಡಿದ್ದು ಎಂದುಕೊಂಡೆ. ಮನೆಯಲ್ಲಿಟ್ಟರೆ ಅವ್ವ ನೋಡುತ್ತಾಳೆಂದು ನೋಟುಪುಸ್ತಕದಲ್ಲಿ ಇಟ್ಟುಕೊಂಡು ತಿರುಗಿದೆ.

ತಿಂಗಳೊಪ್ಪತ್ತಿಗೆ ಇನ್ನೊಂದು ಲಕೋಟೆ ಬಂತು. ಬಾಯಾರ ತಾಯಿ ತೀರಿಕೊಂಡಿದ್ದರು. 'ಅವ್ವನಿಗೆ ಬೇನೆಯಾಗಿದೆ, ಬಾ ಎಂದು ಮೊದಲೇ ಬರೆದಿದ್ದೆವಲ್ಲ, ಯಾಕೆ ಬರಲಿಲ್ಲ' ಎಂದು ಅಕ್ಕ ಬರೆದಿದ್ದರಂತೆ.

ಪ್ರಿನ್ಸಿಪಾಲರು ಚಾಚಾನನ್ನು ಕರೆಸಿದರು. ನಾನು ಆಫೀಸಿನ ಕಿಡಕಿಯ ಹತ್ತಿರ ಇದ್ದೆ.

"ಕಾಗದ ಎಲ್ಲಿ ಹೋತು?"

"ಸಾಹೇಬ್ರ, ಈ ಕೈಲೇ ಹಲಗಿ ಮ್ಯಾಲ ಇಟ್ಟೀನ್ರಿ."

"ಇಟ್ಟಿದ್ರ ಇರಬೇಕಲ್ಲ? ವಯಸ್ಸಾತು ನಿಮಗ, ನದರು ಇಲ್ಲ. ಒಂದು ತಾಯಿ ಮುಖ ತಪ್ಪಿಸಿದ್ರಿ ನೀವು."

ಚಾಚಾ ತಮ್ಮ ಎರಡೂ ಅಂಗೈಗಳನ್ನು ಒಂದು ಸಲ ನೋಡಿಕೊಂಡರು, ಅಷ್ಟೇ.

ಪ್ರಿನ್ಸಿಪಾಲರು ನನ್ನ ಕಡೆ ತಿರುಗಿದರು. "ಲೇ, ನೀ ದಿನಾ ಇಲ್ಲೇ ನಿಂತಿರ್ತಿ. ಏನರೆ ನೋಡೀದಿ?"

"ನಾ ಕ್ಲಾಸಿನ್ಯಾಗ ಇದ್ದೆನ್ರಿ ಸರ್."

ಗುಮಾಸ್ತರು ಸಹಿತ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಹೇಳಿದ್ದು ಸುಳ್ಳೆಂದು ಎಲ್ಲರಿಗೂ ಗೊತ್ತಾಯಿತು. ಎಂಥ ಸುಳ್ಳೆಂದು ಮಾತ್ರ ಒಬ್ಬರಿಗೂ ಗೊತ್ತಾಗಲಿಲ್ಲ.

ತೂಕ

ಬಾಯಾರು ಊಟ ಬಿಟ್ಟರು. ಬಿಟ್ಟೆ ಎಂದು ಹೇಳಲಿಲ್ಲ, ತಾಟಿನ ಮುಂದೆ ಕೂತು ರೊಟ್ಟಿ ಮುರಿಯುತ್ತಿದ್ದರು, ಮುರಿದದ್ದು ಹಾಗೇ ಉಳಿಯುತ್ತಿತ್ತು. ಹುಡುಗಿಯರು ಹೋಗಿ ಪ್ರಿನ್ಸಿಪಾಲರಿಗೆ ಹೇಳಿದರು. ಪ್ರಿನ್ಸಿಪಾಲರು ಕೂಡಲೇ ಆರೋಗ್ಯ ಸಪ್ತಾಹ ಸಾರಿದರು. ಅವರಿಗೆ ಬೇರೆ ದಾರಿ ಗೊತ್ತಿರಲಿಲ್ಲ.

ಡಾಕ್ಟರು ಎಲ್ಲರ ತೂಕ ನೋಡಬೇಕೆಂದರು. ಕಾಲೇಜಿನ ಬಳಿ ತೂಗುವ ಯಂತ್ರ ಇರಲಿಲ್ಲ. ಬಜಾರದಿಂದ ಕಾಳು ತೂಗುವ ದೊಡ್ಡ ತಕ್ಕಡಿ ಬಂತು, ಅದರ ಜೋಡಿ ತೂಗುವವನೂ ಬಂದ. ಒಂದು ಪರಡಿಯಲ್ಲಿ ನಾವು, ಇನ್ನೊಂದರಲ್ಲಿ ಕಲ್ಲು. ಅವನಿಗೆ ಬಜಾರದ ರೂಢಿ. ನಮ್ಮಲ್ಲಿ ಕಾಳು ತೂಗುವಾಗ ಒಂದು ಎಂದು ಎಣಿಸುವುದಿಲ್ಲ, ಮೊದಲಿನದಕ್ಕೆ ಲಾಭ ಎನ್ನುತ್ತಾರೆ, ಆಮೇಲೆ ಎರಡು, ಮೂರು.

ಮೊದಲು ಕೂಡಿಸಿದ್ದು ಬಾಯಾರನ್ನು. ತೂಗುವವ ಕಲ್ಲಿನ ಮೇಲೆ ಕಲ್ಲು ತೆಗೆಯುತ್ತ ಹೋದ. ಡಾಕ್ಟರು ಮುಖ ಸಣ್ಣದು ಮಾಡಿ, ಬಾಯಾರು ಹೇಳಿದ ಹಳೆಯ ತೂಕಕ್ಕಿಂತ ಆರು ಕಿಲೊ ಇಳಿದಿದ್ದಾರೆ ಎಂದು ಬರೆದುಕೊಂಡರು. ತೂಗುವವ ಬಾಯಾರನ್ನು ಕೆಳಗಿಳಿಸಿ, ಇಡೀ ಮೈದಾನಕ್ಕೆ ಕೇಳುವಂತೆ ಕೂಗಿದ:

"ಲಾಭಾ!"

ಮಮದಾಪುರದ ಆಯಿ

ಡಾಕ್ಟರು ಟಾನಿಕ್ಕು ಬರೆದುಕೊಟ್ಟರು. ಪೀಟಿ ಮಾಸ್ತರರು, ದುಃಖವೆಂದರೆ ರಕ್ತ ನಿಂತದ್ದು, ಅದನ್ನು ಓಡಾಡಿಸಬೇಕು ಎಂದು ಮುಂಜಾನೆ ಬಾಯಾರಿಂದ ಡ್ರಿಲ್ ಮಾಡಿಸಿದರು. ಅದೂ ನಾಟಲಿಲ್ಲ.

ಆ ವಾರವೇ ಮಮದಾಪುರದ ಕೆರೆ ನೋಡುವುದಿತ್ತು. ಬಬಲೇಶ್ವರದಲ್ಲಿ ಬಸ್ಸು ಬದಲಿಸಿ ಹೋದೆವು. ಬಾಯಾರ ಅಳತೆಯ ಟೇಪು ಹಿಡಿಯುವ ಕೆಲಸ ನನ್ನದು. ನಾನೇ ಕೇಳಿಕೊಂಡಿದ್ದೆ. ಹಾದಿಯಲ್ಲಾದರೂ ಹೇಳಿಬಿಡುತ್ತೇನೆ ಎಂದುಕೊಂಡಿದ್ದೆ. ಹೇಳಲು ಬಾಯಿ ತೆರೆದಾಗಲೆಲ್ಲ ಒಂದು ಜೋಕು ಹೊರಬಿತ್ತು.

ಕೆರೆಯ ದಂಡೆಯ ಮೇಲಿನ ಮನೆಯ ಮುದುಕಿ ಆಯಿಯೊಬ್ಬಳು ನಮ್ಮನ್ನು ಕರೆದು ಕೂಡಿಸಿ ರೊಟ್ಟಿ ಕೊಟ್ಟಳು. ಬಾಯಾರು ತಿನ್ನದೇ ಇದ್ದದ್ದನ್ನು ನೋಡಿ ನೇರ ಕೇಳಿದಳು: "ಯಾರ ಹೋಗ್ಯಾರವಾ ನಿನಗ?"

"ಅವ್ವ."

"ಎಡಿ ಇಟ್ಟೀಯೇನ?"

ಬಾಯಾರು ಇದ್ದಬಿದ್ದ ಕನ್ನಡವನ್ನೆಲ್ಲ ಕೂಡಿಸಿ ಹೇಳಿದರು. ಅವರ ದೇಶದಲ್ಲೂ ಸತ್ತವರಿಗೆ ವರ್ಷಕ್ಕೊಮ್ಮೆ ಎಡೆ ಇಡುತ್ತಾರೆ, ನಮ್ಮ ದೀಪಾವಳಿಯ ಆಜೂಬಾಜೂ. ಫೋಟೊ ಇಟ್ಟು, ಚೆಂಡುಹೂವು ಚೆಲ್ಲಿ, ಅವರಿಗೆ ಸೇರುವ ಅಡಿಗೆ ಬಡಿಸುತ್ತಾರೆ. ಹೂವಿನ ವಾಸನೆ ಹಿಡಿದು ಸತ್ತವರು ಮನೆಗೆ ಬರುತ್ತಾರೆ. "ಆದರ ನಾ ಇಲ್ಲಿ ಇಟ್ರ ಅವ್ವಗ ದಾರಿ ಗೊತ್ತಾಗೂದಿಲ್ಲ."

ಆಯಿ ಹಣೆ ಬಡಿದುಕೊಂಡಳು. "ನಿನಗ ಗೊತ್ತಾತು, ಹಡದಾಕಿಗಿ ಗೊತ್ತಾಗೂದಿಲ್ಲೇನ ಬೇ? ಫೋಟೊದ ಮುಂದ ಕುಂತು ಹೇಳು. ವಿಜಾಪುರ ಸ್ಟೇಶನ್ನಿನ್ಯಾಗ ಇಳಕೊಂಡು ತಲಿ ಎತ್ತಬೇ, ಗುಮ್ಮಟ ಕಾಣತೈತಿ ಅನ್ನು."

ಕಾಗೆ

ಬಾಯಾರಿಗೆ ಬೇಕಾಗಿದ್ದದ್ದು ಒಂದು ಮೇಜು, ಒಂದು ಫೋಟೊ. ಪ್ರಿನ್ಸಿಪಾಲರು ಅದನ್ನು ಮೆಕ್ಸಿಕೊ ದಿನಾಚರಣೆ ಮಾಡಿದರು. ಬಟ್ಟೆ ಕಡಿಮೆ ಬಿದ್ದದ್ದರಿಂದ ಬ್ಯಾನರು ಒಂದೇ: ಮೆಕ್ಸಿಕೊ ಪರಂಪರೆ ಮತ್ತು ಆರೋಗ್ಯ ಸಪ್ತಾಹ. ನಾನು ತಿಕೋಟಾದಿಂದ ಒಂದು ಚೀಲ ಚೆಂಡುಹೂವು ಬಸ್ಸಿನ ಟಪ್ಪಿನ ಮೇಲೆ ಹಾಕಿಕೊಂಡು ಬಂದೆ. ಬಾಯಾರು ತಾವೇ ಒಲೆಯ ಮುಂದೆ ಕೂತು ಮೆಕ್ಕಿಜೋಳದ ರೊಟ್ಟಿ ಬಡಿದರು. ಅದು ಅವರ ತಾಯಿಗೆ ಸೇರುತ್ತಿತ್ತಂತೆ. ಫೋಟೊದೊಳಗಿನ ತಾಯಿ ನಮ್ಮ ಓಣಿಯ ಯಾವುದೋ ಅತ್ತೆಯ ಹಾಗೆ ಇದ್ದರು.

ಭಾಷಣ ಮುಗಿದ ಮೇಲೆ ಸಿಪಾಯಿ ಅಡ್ಡ ಬಂದ. "ಎಡಿ ಇಟ್ರ ಮುಗೀತೇನ್ರಿ? ಕಾಗಿ ಮುಟ್ಟಬೇಕು."

ಬಾಯಾರ ದೇಶದಲ್ಲಿ ಕಾಗೆಯ ರೂಢಿ ಇಲ್ಲ. ಆದರೂ ಅವರು, "ಇಲ್ಲಿ ಬಂದ ಮ್ಯಾಲ ಇಲ್ಲಿ ಪದ್ಧತಿ" ಎಂದರು. ಎಲ್ಲವನ್ನೂ ಮಾಳಿಗೆಗೆ ಹೊತ್ತೆವು. ಬೇವಿನ ಗಿಡದಲ್ಲಿ ದಿನಾ ಕಿವಿ ಕೊರೆಯುವ ಕಾಗೆಗಳಲ್ಲಿ ಅವತ್ತು ಒಂದೂ ಕೆಳಗಿಳಿಯಲೊಲ್ಲದು. ಅರ್ಧ ತಾಸಾಯಿತು. ಬಾಯಾರ ಮುಖ ಇಳಿಯಿತು. "ಅವ್ವಗ ನನ್ನ ಮ್ಯಾಲ ಸಿಟ್ಟು ಐತಿ. ನಾ ಹೋಗಲಿಲ್ಲ" ಎಂದರು.

ಕಾಗೆ ಮುಟ್ಟದಿದ್ದರೆ ಸತ್ತವರ ಮನಸ್ಸಿನಲ್ಲಿ ಏನೋ ಉಳಿದಿದೆ ಎಂದು ನಮ್ಮ ಲೆಕ್ಕ. ಅದಕ್ಕೆ ನಿಂತವರು ಒಬ್ಬೊಬ್ಬರಾಗಿ ಮಾತು ಕೊಡಬೇಕು. ಸಿಪಾಯಿ, "ಹೂಂ, ಮಾತು ಕೊಡ್ರಿ" ಎಂದ.

ಪ್ರಿನ್ಸಿಪಾಲರು ಗಂಟಲು ಸರಿಮಾಡಿಕೊಂಡರು. "ತಾಯೀ, ನಿಮ್ಮ ಮಗಳ ಪುಸ್ತಕ ಮುಗಿಯೂತನಕಾ ಆಕಿ ನಮ್ಮ ಮಗಳು." ಕಾಗೆ ಬರಲಿಲ್ಲ.

ಪೀಟಿ ಮಾಸ್ತರರು: "ನಾಳಿಂದ ಡ್ರಿಲ್ ಇಲ್ರಿ ತಾಯೀ." ಇಲ್ಲ.

ಅಡಿಗೆಯ ಅಕ್ಕ ಕೈ ಮುಗಿದಳು. "ಯವ್ವಾ, ಬ್ಯಾಳ್ಯಾಗ ಇನ್ನ ನೀರ ಹೊಯ್ಯಂಗಿಲ್ಲ, ನನ್ನ ಮಕ್ಕಳ ಆಣಿ." ಹಾಸ್ಟೆಲಿನ ಹುಡುಗಿಯರು, ಕಾಗೆ ಬರದಿದ್ದರೂ ಅಡ್ಡಿಯಿಲ್ಲ ಎಂಬ ಮುಖ ಮಾಡಿದರು.

ಆಗ ಟಪಾಲು ಕೊಡಲು ಬಂದಿದ್ದ ಚಾಚಾ ಮುಂದೆ ಬಂದರು. ಚೀಲ ಕೆಳಗಿಟ್ಟರು. "ಅಮ್ಮಾ, ನಾ ಇಟ್ಟೀನಿ ಅಂತ ನನ್ನ ಮನಸಿಗಿ ಐತಿ. ಆದರ ನಿನ್ನ ಮಗಳಿಗಿ ಮುಟ್ಟಿಲ್ಲ. ಮುಟ್ಟಿಲ್ಲ ಅಂದ ಮ್ಯಾಲ ತಪ್ಪು ನಂದ. ಮಾಫಿ ಮಾಡು."

ನನ್ನ ಕಾಲುಗಳು ನನ್ನನ್ನು ಕೇಳದೆ ಮುಂದೆ ಹೋದವು. ಎಲ್ಲರೂ ನಗಲು ತಯಾರಾದರು, ಇವ ಈಗ ಏನೋ ಅನ್ನುತ್ತಾನೆ ಎಂದು. ನೋಟುಪುಸ್ತಕದಿಂದ ಲಕೋಟೆ ತೆಗೆದೆ. ಸ್ಟ್ಯಾಂಪು ಇನ್ನೂ ಅರ್ಧ ಹತ್ತಿಕೊಂಡೇ ಇತ್ತು.

"ಚಾಚಾ ಇಟ್ಟಿದ್ರು. ನಾ ತಗೊಂಡೆ. ಸ್ಟ್ಯಾಂಪಿನ ಸಲುವಾಗಿ."

ಬಾಯಾರು ಲಕೋಟೆ ಇಸಿದುಕೊಂಡರು. ಪೀಟಿ ಮಾಸ್ತರರು ಒಂದೇ ಹೆಜ್ಜೆಗೆ ನನ್ನ ಕಾಲರು ಹಿಡಿದು ಬಲಗೈ ಎತ್ತಿದರು. ಪ್ರಿನ್ಸಿಪಾಲರೂ ಕೈ ಎತ್ತಿದರು. ಸಿಪಾಯಿ ಕಾಲಿನ ಚಪ್ಪಲಿಯನ್ನೇ ಎತ್ತಿದ. ಅಷ್ಟರಲ್ಲಿ ಗೋಡೆಯ ಮೇಲಿಂದ ಒಂದು ಕಾಗೆ ಕುಪ್ಪಳಿಸಿ ಎಡೆಯ ಎಲೆಯ ಹತ್ತಿರ ಬಂತು.

"ಹೊಡೀಬ್ಯಾಡ್ರಿ!" ಪ್ರಿನ್ಸಿಪಾಲರು ಉಸಿರಿನಲ್ಲೇ ಅಂದರು. "ಕಾಗಿ ಹಾರೀತು!"

ಎತ್ತಿದ ಕೈಗಳು ಎತ್ತಿದಲ್ಲೇ ನಿಂತವು. ಚಪ್ಪಲಿಯೂ ನಿಂತಿತು. ಕಾಗೆ ರೊಟ್ಟಿಯ ಅಂಚು ಮುರಿಯಿತು, ಆ ಕಡೆ ಈ ಕಡೆ ನೋಡಿತು, ಇನ್ನೊಂದು ತುಂಡು ಮುರಿಯಿತು. ಜನ್ಮದಲ್ಲಿ ನಾನು ದೇವರಿಗೆ ಬೇಡಿಕೊಳ್ಳದವನು ಆ ಕಾಗೆಗೆ ಬೇಡಿಕೊಂಡೆ: ನಿಧಾನ ತಿನ್ನ ಯಪ್ಪಾ, ಅವಸರ ಏನೂ ಇಲ್ಲ.

ಬಾಯಾರು ಅಲ್ಲೇ ನಿಂತು ಕಾಗದ ಓದಿದರು. ಏನಿತ್ತೆಂದು ಇವತ್ತಿಗೂ ಯಾರಿಗೂ ಹೇಳಿಲ್ಲ. ಓದಿ ಮಡಚಿ, ಮೊದಲು ಚಾಚಾನ ಹತ್ತಿರ ಹೋಗಿ ಅವರ ಎರಡೂ ಕೈಗಳನ್ನು ತಮ್ಮ ಹಣೆಗೆ ಒತ್ತಿಕೊಂಡರು. ಚಾಚಾ ಅತ್ತರು. ಪ್ರಿನ್ಸಿಪಾಲರು ಎತ್ತಿದ ಕೈಯಿಂದಲೇ ಕಣ್ಣೊರಸಿಕೊಂಡು ಮತ್ತೆ ಎತ್ತಿಟ್ಟರು. ಬಳಿಕ ಬಾಯಾರು ನನ್ನ ಮುಂದೆ ಬಂದು, ಕಾಗೆಗೆ ಕೇಳದಷ್ಟು ಮೆತ್ತಗೆ ಅಂದರು:

"ಅದು ಹಾರಲಿ. ಮೊದಲಿಂದು ನಂದು."

ಕಾಗೆ ಹಾರಿತು. ಮೊದಲಿನದು ಅವರದೇ, ಎಡಗಪಾಳಕ್ಕೆ. ಇಷ್ಟು ದಿನ ಉಪವಾಸವಿದ್ದವರ ಕೈ ಎಂದು ಯಾರೂ ಅನ್ನುತ್ತಿರಲಿಲ್ಲ. ಉಳಿದವರೂ ಪಾಳಿ ಹಚ್ಚಿದರು. ಚಾಚಾ ಒಬ್ಬರೇ ಪಾಳಿಗೆ ಬರಲಿಲ್ಲ, ಅದೇ ಎಲ್ಲಕ್ಕಿಂತ ಹೆಚ್ಚು ಹತ್ತಿತು.

ಆಮೇಲೆ ಬಾಯಾರು ತಾಯಿಯ ಫೋಟೊದ ಮುಂದೆ ಕೂತು, ಉಳಿದ ರೊಟ್ಟಿ ಎಳೆದುಕೊಂಡು ತಿನ್ನತೊಡಗಿದರು. ಒಂದು ತಿಂದರು. ಎರಡನೆಯದಕ್ಕೆ ಕೈ ಹಾಕಿದರು. ಮಾಳಿಗೆಯ ಮೇಲಿದ್ದವರೆಲ್ಲ ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಿದ್ದರು. ಅಡಿಗೆಯ ಅಕ್ಕ ಮಾತ್ರ ಪಲ್ಯದ ಪಾತ್ರೆ ಮುಟ್ಟಿ ನೋಡಿ ನನ್ನ ಕಡೆ ತಿರುಗಿದಳು.

"ಈ ಮಾತ ಒಂದ ತಾಸ ಮೊದಲ ಬಗಳಿದ್ದರ ಅಡಿಗಿ ಆರತಿದ್ದಿಲ್ಲಲೋ ಖೋಡಿ!"