ಹಿಮದ ದೋಣಿ ನೋಡಾಕ ಹೋದದ್ದು

ನಾನು ಹಠ ಹಿಡಿದು ಏನಾದರೂ ನೋಡಲು ಹೊರಟರೆ, ನೋಡುವುದಕ್ಕಿಂತ ಫಜೀತಿಯೇ ಜಾಸ್ತಿ. ಜಪಾನಿನಲ್ಲೂ ಹಾಗೇ ಆಯಿತು.

ನಾನು ಗಂಗಾವತಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ನಮ್ಮ ಮನೆಯವರದು ಮರಳಿ ಊರಿನ ರಸ್ತೆಯಲ್ಲಿ ಅಕ್ಕಿ ಗಿರಣಿ. ಗಿರಣಿ ಮಾಲೀಕರೆಲ್ಲ ಅಕ್ಕಿ ಪಾಲಿಶ್ ಮಾಡುವ ಮಷೀನು ನೋಡಲು ಜಪಾನಿಗೆ ಹೊರಟಾಗ ನಾನೂ ಗಂಟುಬಿದ್ದೆ. ಕಾರಣ ಒಂದು ಚಿತ್ರ. ಮರದ ಹಲಗೆಯಲ್ಲಿ ಕೆತ್ತಿ, ಬಣ್ಣ ಹಚ್ಚಿ, ಕಾಗದಕ್ಕೆ ಒತ್ತಿದ್ದು: ಹಿಮ ಬೀಳುವ ಹೊಳೆ, ದೋಣಿ, ಅದರಲ್ಲಿ ಕೊಡೆ ಹಿಡಿದ ಮುದುಕ. ಹಳೇ ಪುಸ್ತಕದಲ್ಲಿದ್ದ ಅಂಗೈಯಗಲದ ಅಚ್ಚು ತೋರಿಸಿಯೇ ಇಪ್ಪತ್ತು ವರ್ಷ ಮಕ್ಕಳಿಗೆ ಪಾಠ ಮಾಡಿದ್ದೆ. ಆ ಕಲಾವಿದನದೇ ಅಲ್ಲೊಂದು ಮ್ಯೂಸಿಯಂ ಇತ್ತು.

ಬಾಗಿಲು

ಸುಡುಬಿಸಿಲಲ್ಲಿ ಎರಡು ರೈಲು ಬದಲಿಸಿ ಹೋದೆವು. ಅವತ್ತು ಸೋಮವಾರ, ಮ್ಯೂಸಿಯಂ ಬಂದ್.

"ಬಾಗಲಾ ಭಾಳ ಛಲೋ ಐತಿ. ನೋಡಿದಂಗಾತು, ನಡಿ," ಅಂದರು ಮನೆಯವರು.

"ಹಂಗಾರ ನಾಳೆ ನೀವೂ ಮಷೀನಿನ ಕಾರ್ಖಾನಿ ಬಾಗಲಾ ನೋಡಿ ಬಂದುಬಿಡ್ರಿ. ಒಳಗ ಹೋಗಬ್ಯಾಡ್ರಿ," ಅಂದೆ.

ಮರುದಿನ ತೆಪ್ಪಗೆ ಮತ್ತೆ ನನ್ನ ಜೊತೆ ರೈಲು ಹತ್ತಿದರು.

ಹದಿನೈದನೇ ಬಣ್ಣ

ಒಳಗೆ ಒಂದೇ ಚಿತ್ರ ಹೇಗೆ ತಯಾರಾಗುತ್ತದೆಂದು ಸಾಲಾಗಿ ತೂಗುಹಾಕಿದ್ದರು. ಮೊದಲ ಹಾಳೆಯಲ್ಲಿ ಬರೀ ಗೆರೆ.

"ಬಣ್ಣ ಹಚ್ಚೂದು ಮರತಾರ," ಅಂದರು ಮನೆಯವರು.

ಎರಡನೆಯದರಲ್ಲಿ ನೀಲಿ.

"ಈಗ ನೆನಪಾತು ನೋಡು."

ಒಂದೊಂದು ಹಲಗೆಗೆ ಒಂದೊಂದು ಬಣ್ಣ ಕೂಡುತ್ತಾ ಹೋಯಿತು. ಸೂಜಿ ಬಿದ್ದರೂ ಕೇಳುವಂಥ ಆ ಹಾಲ್‌ನಲ್ಲಿ, ಹದಿನೈದನೇ ಹಾಳೆಯ ಮುಂದೆ ನಿಂತು ಅಕ್ಕಿಗೆ ಪಾಲಿಶ್ ಜಾಸ್ತಿಯಾದಾಗ ಗಿರಣಿಯಲ್ಲಿ ಕೂಗುವ ದನಿಯಲ್ಲೇ ಕೂಗಿದರು: "ಸಾಕ್ ನಿಲ್ಲಸ್ರಪಾ, ನುಚ್ಚಾಗತೈತಿ!"

ಕಾವಲುಗಾರ ನಡು ಬಗ್ಗಿಸಿ ನಮಸ್ಕಾರ ಮಾಡಿದ.

ರಜಾ

ನನ್ನ ದೋಣಿ ಎಲ್ಲೂ ಇರಲಿಲ್ಲ. ಅಲ್ಲಿನ ಹುಡುಗಿಯೊಬ್ಬಳು ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದಳು: ಬೆಳಕಿಗೆ ಬಣ್ಣ ಮಾಸುತ್ತದೆ, ಅದಕ್ಕೇ ತಿಂಗಳು ತೋರಿಸಿ ವರ್ಷಗಟ್ಟಲೆ ಕತ್ತಲಲ್ಲಿ ವಿಶ್ರಾಂತಿ ಕೊಡುತ್ತೇವೆ. ನನ್ನ ಕಣ್ಣು ತುಂಬಿತು.

ಮನೆಯವರು ಸಮಾಧಾನ ಹೇಳಿದರು: "ತಿಂಗಳ ಡ್ಯೂಟಿ, ವರ್ಷ ರಜಾ! ನೀ ಟೀಚರ್ ಆಗಿ ಕೆಟ್ಟಿ, ಚಿತ್ರ ಆಗಬೇಕಿತ್ತು."

ಎರಡೂ ಕೈಯಲ್ಲಿ

ಆದರೂ ನಾನು ಬಿಡಲಿಲ್ಲ. ಹೊರಬಾಗಿಲ ಹತ್ತಿರ ಮ್ಯೂಸಿಯಂನದೇ ಬ್ಯಾಡ್ಜ್ ಹಾಕಿಕೊಂಡ ವಯಸ್ಸಾದ ಹೆಂಗಸೊಬ್ಬಳು ಕೂತಿದ್ದಳು. ಆಕೆಗೆ ಇಂಗ್ಲಿಷ್ ಬಾರದು, ನನಗೆ ಜಪಾನಿ ಬಾರದು. ನೋಟ್‌ಬುಕ್ ತೆಗೆದು ಅಲ್ಲೇ ನಿಂತು ಹೊಳೆ, ದೋಣಿ, ಮುದುಕ, ಕೊಡೆ, ಹಿಮದ ಒಂದೊಂದು ಚುಕ್ಕಿಯನ್ನೂ ಬಿಡಿಸಿದೆ. ಆಕೆ ಚಪ್ಪಾಳೆ ತಟ್ಟಿ, ಬಗ್ಗಿ ನಮಸ್ಕರಿಸಿ ಒಳಗೆ ಓಡಿದಳು.

"ತರಾಕ ಹೋದ್ಲು ರೀ!" ಅಂದೆ. ಮನೆಯವರೂ ಗಂಭೀರವಾಗಿ ತಲೆ ಬಾಚಿಕೊಂಡರು.

ಆಕೆ ತೆಳ್ಳನೆಯ ಕಾಗದದಲ್ಲಿ ಸುತ್ತಿದ್ದನ್ನು ಎರಡೂ ಕೈಯಲ್ಲಿ ಹಿಡಿದು ತಂದಳು. ನಾನು ಸೆರಗಿಗೆ ಕೈ ಒರೆಸಿಕೊಂಡು, ಉಸಿರು ಬಿಗಿಹಿಡಿದು ಬಿಚ್ಚಿದೆ.

ಅದೇ ಹೊಳೆ. ಅದೇ ದೋಣಿ. ಅದೇ ಮುದುಕ. ಕೈವಸ್ತ್ರದ ಮೇಲೆ! ಮೂಲೆಯಲ್ಲಿ ರೇಟಿನ ಚೀಟಿ.

ದುಡ್ಡು ಕೊಡಲು ಪರ್ಸ್ ಬಿಚ್ಚಿದೆ. ಅಷ್ಟರಲ್ಲಿ ಮನೆಯವರು ಅದನ್ನು ಇಸಕೊಂಡು ಹಣೆ, ಕುತ್ತಿಗೆ ಎಲ್ಲ ಒರೆಸಿಕೊಂಡು, ಮೊದಲ ಸಲ ಮನಸಾರೆ ಒಪ್ಪಿದರು:

"ಏನ ಅನ್ನು, ಕಲಾವಿದ ಭಾಳ ದೊಡ್ಡಾವ. ಬೆವರು ಎಷ್ಟ್ ಛಲೋ ಹೀರತೈತಿ!"