ಮಾವನ ರಿವಾಲ್ವರಿಗೆ ಮೂಡಿದ ಮೂರು ಗೆರೆ

ಆಯುಧ ಇಟ್ಟುಕೊಂಡವನನ್ನು ಕಂಡರೆ ಊರು ಹೆದರುತ್ತದೆ ಎಂದು ಜನ ನಂಬಿದ್ದಾರೆ. ಶುದ್ಧ ಸುಳ್ಳು. ಆಯುಧ ಇಟ್ಟುಕೊಂಡವನಷ್ಟು ಹೆದರಿ ಬದುಕುವ ಪ್ರಾಣಿ ಇನ್ನೊಂದಿಲ್ಲ. ಇದನ್ನು ನಾನು ಲೈಸೆನ್ಸು ಸಮೇತ ಹೇಳುತ್ತಿದ್ದೇನೆ. ಕಳ್ಳರ ಭಯ ನನಗಿಲ್ಲ, ಏಕೆಂದರೆ ಇದುವರೆಗೆ ಯಾವ ಕಳ್ಳನೂ ನನ್ನನ್ನು ದೊಡ್ಡ ಮನುಷ್ಯನೆಂದು ಎಣಿಸಿಲ್ಲ. ನಾನು ಹೆದರುವುದು ಬೆವರಿಗೆ, ಮಳೆಗೆ, ಒದ್ದೆ ಕೈಗೆ ಮತ್ತು ದೇವದುರ್ಗದಲ್ಲಿರುವ ನನ್ನ ಮಾವನಿಗೆ.

ರಾಯಚೂರಿನಲ್ಲಿ ನನ್ನದೊಂದು ಸಣ್ಣ ಹತ್ತಿ ಜಿನ್ನಿಂಗ್ ಮಿಲ್ಲಿದೆ. ಆದರೆ ರಿವಾಲ್ವರು ನನ್ನ ಸಂಪಾದನೆಯಲ್ಲ, ಮಾವನದು. ನಲವತ್ತು ವರ್ಷ ಅದು ಅವರ ಸೊಂಟದಲ್ಲಿತ್ತು. ಉಕ್ಕಿಗೆ ಕಡುನೀಲಿ ಮೆರುಗು ಬರುವಂತೆ ಹದ ಮಾಡಿದ ಹಳೆಯ ಮಾಲು. ಬೆಳಕಿಗೆ ಹಿಡಿದರೆ ಮಾಗಿದ ನೇರಳೆ ಹಣ್ಣಿನ ಹಾಗೆ ಮಿನುಗುತ್ತದೆ. ಮಾವನಿಗೆ ಇಬ್ಬರೇ ಹೆಣ್ಣುಮಕ್ಕಳು. ಹಿರಿಯವಳು ಗಿರಿಜಾ, ನನ್ನ ಹೆಂಡತಿ. ಕಿರಿಯವಳನ್ನು ಮಾನ್ವಿಗೆ ಕೊಟ್ಟಿದ್ದಾರೆ. ಆ ಷಡ್ಡಕನಿಗೆ ಅಕ್ಕಿ ಗಿರಣಿ, ಆರಡಿ ದೇಹ, ಕೆಮ್ಮಿದರೆ ಗಿರಣಿಯ ಹಮಾಲರೆಲ್ಲ ಎದ್ದು ನಿಲ್ಲುವಂಥ ಗಂಟಲು. ಮಾವನಿಗೆ ಎಪ್ಪತ್ತು ದಾಟಿ, ಲೈಸೆನ್ಸನ್ನು ಅಳಿಯನೊಬ್ಬನ ಹೆಸರಿಗೆ ಮಾಡಿಸುವ ಮಾತು ಬಂದಾಗ ಎಲ್ಲರೂ ಮಾನ್ವಿಯ ಕಡೆಗೇ ನೋಡಿದರು. ಷಡ್ಡಕನಂತೂ ಒಂದು ಬೆಲ್ಟನ್ನೇ ಹೊಲಿಸಿಟ್ಟುಕೊಂಡಿದ್ದ. ಮಾವ ನನ್ನ ಹೆಸರು ಹೇಳಿದರು! ಐದಡಿ ಮೂರಂಗುಲದ, ಜಿರಳೆ ಕಂಡರೆ ಮಂಚ ಹತ್ತುವ ನನ್ನಲ್ಲಿ ಆ ಹಿರಿಯರಿಗೆ ಏನೋ ಕಂಡಿರಬೇಕು ಎಂದು ಹಿಗ್ಗಿ ಹೀರೇಕಾಯಿಯಾದೆ.

ಕೈಗೆ ಕೊಡುವಾಗ ಮಾವನ ಕಣ್ಣು ತೇವವಾಗಿತ್ತು. "ಅಳಿಯಾರ, ಮಗಳನ್ನ ಕೊಡುವಾಗೂ ನಾ ಇಷ್ಟು ಹೆದರಿದ್ದಿಲ್ರಿ. ಇದರ ಮೈಮ್ಯಾಲ ಒಂದು ಚುಕ್ಕಿ ತುಕ್ಕು ಕಂಡ್ರೂ ಮಾನ್ವಿಗಿ ಕಳಸ್ತೀನಿ ನೋಡ್ರಿ" ಎಂದರು. ಮನೆಗೆ ತಂದ ದಿನ ಗಿರಿಜಾ ಅದನ್ನು ತೆಗೆದುಕೊಳ್ಳಲು ಕೈ ಚಾಚಿದಳು. ನಾನು ಹಿಂದೆ ಸರಿದು, "ಏ, ಹೆಣ್ಮಕ್ಕಳು ಮುಟ್ಟೋ ಸಾಮಾನಲ್ಲ ಇದು" ಎಂದೆ. ಅವಳು ನನ್ನನ್ನೊಮ್ಮೆ ನೋಡಿ, ಅದನ್ನೊಮ್ಮೆ ನೋಡಿ, ರೊಟ್ಟಿ ಬಡಿಯಲು ಒಳಗೆ ಹೋದಳು.

ರಾಯಚೂರಿನ ಬಿಸಿಲು ಗೊತ್ತಲ್ಲ? ಇಲ್ಲಿ ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ಅಂಥದ್ದರಲ್ಲಿ ಅಂಗಿಯ ಕೆಳಗೆ ಕಬ್ಬಿಣ ಕಟ್ಟಿಕೊಂಡು ತಿರುಗುವುದೆಂದರೆ ಬೆವರಿನ ತೊರೆಯೇ ಹರಿಯುತ್ತದೆ. ಅದು ಜಾರಿ ಬಿದ್ದೀತೆಂಬ ಭಯಕ್ಕೆ ನಾನು ಸದಾ ಬಲಗೈಯಲ್ಲಿ ಸೊಂಟ ಹಿಡಿದೇ ನಡೆಯುತ್ತಿದ್ದೆ. ಹತ್ತಿ ಮಾರುವ ಗಂಜಿನಲ್ಲಿ ಯಾರೊಬ್ಬರಿಗೂ ಆಯುಧದ ಅನುಮಾನ ಬರಲಿಲ್ಲ. "ಸ್ವಾಂಟ ಹಿಡದದೇನ್ರಿ ಸಾವ್ಕಾರ್ರ? ಎಳ್ಳೆಣ್ಣಿ ಕಾಸಿ ತಿಕ್ರಿ" ಎಂದು ಕಂಡವರೆಲ್ಲ ಮದ್ದು ಹೇಳಿದರು. ಇಬ್ಬರು ನಾಟಿ ವೈದ್ಯರ ವಿಳಾಸ ಕೊಟ್ಟರು. ಬಂದೂಕು ರಿಪೇರಿ ಮಾಡುವ ಮುದುಕ ಸಾಬರೊಬ್ಬರು ಮಾತ್ರ ನನ್ನ ನಿಜವಾದ ಕಾಯಿಲೆ ಹಿಡಿದರು. "ಬೆವರಂದ್ರ ಉಪ್ಪಿನ ನೀರು ಸಾವ್ಕಾರ್. ಮನಿಗಿ ಹೋದ ಕೂಡ್ಲೆ ಮೊದಲ ಗುಂಡು ತಗೀರಿ. ಒಣ ಅರಿವ್ಯಾಗ ವರಸ್ರಿ, ಮ್ಯಾಲ ತೆಳ್ಳಗ ಎಣ್ಣಿ ಕೈ ಆಡಸ್ರಿ. ಚರ್ಮದ ಪೌಚಿನ್ಯಾಗ ಮಲಗಸಬ್ಯಾಡ್ರಿ, ಚರ್ಮ ತ್ಯಾವ ಕುಡೀತದ" ಎಂದರು. ನಾನು ಅಕ್ಷರಶಃ ಪಾಲಿಸಿದೆ. ನನ್ನ ಮಕ್ಕಳು ಚಿಕ್ಕವರಿದ್ದಾಗ ಅವರ ಮೈಯನ್ನೂ ನಾನು ಅಷ್ಟು ಶ್ರದ್ಧೆಯಿಂದ ಒರೆಸಿದವನಲ್ಲ.

ಹೀಗೆ ಎಲ್ಲ ಸರಿಯಾಗಿ ನಡೆದಿರುವಾಗ ಮಹಾನವಮಿ ಬಂತು. ನಮ್ಮಲ್ಲಿ ಅಂದು ಖಂಡೇ ಪೂಜೆ. ಮಿಲ್ಲಿನ ಯಂತ್ರ, ತಕ್ಕಡಿ, ಸ್ಕೂಟರು, ಈಳಿಗೆ, ಕತ್ತರಿ ಎಲ್ಲಕ್ಕೂ ವಿಭೂತಿ. ಹೀಗಿರುವಾಗ ಮನೆಯಲ್ಲಿರುವ ನಿಜವಾದ ಆಯುಧವನ್ನೇ ಬಿಟ್ಟರೆ ಹೇಗೆ? ಗುಂಡು ತೆಗೆದು, ಮಣೆಯ ಮೇಲೆ ಮಲಗಿಸಿ, ವಿಭೂತಿಯನ್ನು ನೀರಲ್ಲಿ ಕಲಸಿ, ಮೂರು ಬೆರಳಿಂದ ನಳಿಗೆಯ ಮೇಲೆ ದಪ್ಪವಾಗಿ ಮೂರು ಗೆರೆ ಎಳೆದೆ. ಎಷ್ಟು ಚಂದ ಕಂಡಿತೆಂದರೆ, ನಾನೇ ಕೈಮುಗಿದೆ. ಮರುದಿನ ಒರೆಸಬೇಕಿತ್ತು. ಆದರೆ ದೇವರ ಹೆಸರಲ್ಲಿ ಹಚ್ಚಿದ ವಿಭೂತಿಯನ್ನು ಒರೆಸಲು ಯಾರಿಗೆ ಮನಸ್ಸು ಬರುತ್ತದೆ? ಅದೇ ಕಾಯಲಿ ಎಂದು, ಸಾಬರ ಮಾತನ್ನೂ ಮರೆತು ಹಾಗೇ ಪೌಚಿಗೆ ಸೇರಿಸಿ ತಿಜೋರಿಯಲ್ಲಿಟ್ಟೆ. ಬನ್ನಿ ಹಂಚಿ ಬಂದ ದಿನವೇ ಜ್ವರ ಬಂದು ಹತ್ತು ದಿನ ಮಲಗಿದೆ. ಎದ್ದ ಮೇಲೆ ತೆಗೆದು ನೋಡಿದರೆ ವಿಭೂತಿ ಉದುರಿತ್ತು. ಅದರ ಜಾಗದಲ್ಲಿ, ಅದೇ ಅಳತೆಯಲ್ಲಿ, ಮೂರು ಕಂದು ಗೆರೆಗಳು ಮೂಡಿದ್ದವು. ತುಕ್ಕು!

ಅದೇ ಸಂಜೆ ಮಾವನ ಫೋನು. "ಸೋಮವಾರ ಬರಾಕತ್ತೀನ್ರಿ. ಕಣ್ಣಿನ ಡಾಕ್ಟರಿಗಿ ತೋರಿಸ್ಕೊಂಡು, ಹಂಗ ಅದನ್ನೂ ಒಂದೀಟು ನೋಡ್ಕೊಂಡ ಹೋಗ್ತೀನಿ." ಮಾವ 'ಅದು' ಎಂದರೆ ಯಾವುದೆಂದು ನಮ್ಮ ಬೀಗರಲ್ಲೆಲ್ಲ ಗೊತ್ತು. ಫೋನಿಟ್ಟ ಮೇಲೆ ನನ್ನ ಕಣ್ಣ ಮುಂದೆ ಷಡ್ಡಕನ ಹೊಸ ಬೆಲ್ಟು ತೂಗಾಡತೊಡಗಿತು. ಹೋಗಲಿ, ರಿವಾಲ್ವರು ಹೋದರೆ ಹೋಗಲಿ. ಆ ಹಿರಿಯ ಜೀವ ಇಬ್ಬರಲ್ಲಿ ನನ್ನನ್ನು ಆರಿಸಿ ನಂಬಿ ಕೊಟ್ಟಿತ್ತಲ್ಲ, ಆ ನಂಬಿಕೆಗೆ ಏನು ಹೇಳಲಿ? ಸಾಬರ ಹತ್ತಿರ ಓಡೋಣವೆಂದರೆ ಅವರು ಮಗಳ ಊರಿಗೆ ಹೋಗಿದ್ದರು. ಹಿತ್ತಾಳೆಯ ದೀಪದ ಸಮೆಗೆ ಹುಣಸೆಹಣ್ಣು ತಿಕ್ಕಿದರೆ ಫಳಫಳ ಹೊಳೆಯುತ್ತದೆ ಎಂಬುದು ಆಗ ನೆನಪಾಯಿತು. ಅಡುಗೆಮನೆಯಿಂದ ಒಂದು ಉಂಡೆ ಕದ್ದು, ಬಚ್ಚಲ ಬಾಗಿಲು ಹಾಕಿಕೊಂಡು ತಿಕ್ಕಿದೆ ನೋಡಿ! ತುಕ್ಕು ಹೋಯಿತು. ಅದರ ಜೊತೆಗೆ ನೀಲಿಯೂ ಹೋಯಿತು. ಒಳಗಿನ ಬಿಳಿ ಉಕ್ಕು ಮೇಲೆದ್ದು, ಮೂರು ಬೆಳ್ಳನೆಯ ಗೆರೆ ಶಾಶ್ವತವಾಗಿ ಕೂತವು. ಇನ್ನು ಯಾರೂ ಪ್ರತಿ ವರ್ಷ ವಿಭೂತಿ ಹಚ್ಚುವ ಅಗತ್ಯವಿಲ್ಲ. ಕೊನೆಗೆ, ಹೇಳಲು ನಾಚಿಕೆ, ನನ್ನ ತಲೆಗೂದಲಿಗೆ ಹಚ್ಚುವ ಕಪ್ಪು ಬಣ್ಣವನ್ನೂ ಹಚ್ಚಿ ನೋಡಿದೆ. ಅದು ನನ್ನ ತಲೆಯ ಮೇಲೇ ನಿಲ್ಲುವುದಿಲ್ಲ, ಉಕ್ಕಿನ ಮೇಲೆ ನಿಂತೀತೇ?

ಸೋಮವಾರ ಮಾವ ಬಂದರು. ನೀರು ಕುಡಿದರು, ರೊಟ್ಟಿ ಪುಂಡಿಪಲ್ಯ ಉಂಡರು, ಬಾಯಿ ಒರೆಸಿಕೊಂಡು "ತರ್ರಿ ಅಳಿಯಾರ" ಎಂದರು. ಗುಂಡು ತೆಗೆದು ಅವರ ಅಂಗೈಯಲ್ಲಿಟ್ಟೆ. ಮಾವ ಕಿಟಕಿಯ ಬೆಳಕಿಗೆ ಹಿಡಿದರು. ಹೆಬ್ಬೆರಳಿಂದ ಮೂರು ಗೆರೆಗಳನ್ನೂ ಒಂದೊಂದಾಗಿ ಸವರಿದರು. ನಾನು ಗೋಡೆಯ ಕಡೆ ನೋಡುತ್ತ, "ತಪ್ಪಾತ್ರಿ ಮಾವಾರ. ವಿಭೂತಿ ನಾನ ಹಚ್ಚಿದ್ದೆ, ಹುಣಸಿಹಣ್ಣೂ ನಾನ ತಿಕ್ಕೀನಿ. ಮಾನ್ವಿಗಿ ಕಳಸ್ರಿ" ಎಂದುಬಿಟ್ಟೆ. ಮಾವ ಅಡುಗೆಮನೆಯ ಕಡೆ ತಿರುಗಿ, "ಗಿರಿಜಾ, ಇಲ್ಲಿ ಬಾ ಯವ್ವಾ. ನೀ ಇದನ್ನ ವರಸೋದು ಬಿಟ್ಟೀಯೇನು?" ಎಂದರು.

ಗಿರಿಜಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಹೆಣ್ಮಕ್ಕಳು ಮುಟ್ಟಬಾರದಂತ ಯಪ್ಪಾ. ಅದಕ್ಕ ನಾ ಮುಟ್ಟಿಲ್ಲ."

ಮಾವ ನಕ್ಕರು. ನಗುತ್ತ ಕೆಮ್ಮು ಬಂದು, ಗಿರಿಜಾ ಬೆನ್ನು ಸವರಬೇಕಾಯಿತು. "ಅಯ್ಯ ಅಳಿಯಾರ, ನಲವತ್ತು ವರ್ಷದಾಗ ನಾ ಒಂದಿನಾನೂ ಇದನ್ನ ವರಸಿಲ್ರಿ! ಮೊದಲ ನಮ್ಮವ್ವ ವರಸ್ತಿದ್ಲು. ಆಮ್ಯಾಲ ಇಕಿ, ನನ್ನ ಎದುರಿಗಿ ಕುಂತು. ಮದುವ್ಯಾದ ಮ್ಯಾಲೂ ಅಮಾಸಿಗೊಮ್ಮಿ ತವರಿಗಿ ಬಂದು ವರಸಿ ಹೋಗ್ತಿದ್ಲು" ಎಂದರು. ನಾನು ಇಷ್ಟು ವರ್ಷ ಆ ಪ್ರಯಾಣಕ್ಕೆಲ್ಲ ಬಸ್ ನಿಲ್ದಾಣದವರೆಗೆ ಚೀಲ ಹೊತ್ತವನು. ತವರಿನ ಸೆಳೆತ ಎಂದುಕೊಂಡಿದ್ದೆ. ಮಾವ ನನ್ನ ಹೆಗಲ ಮೇಲೆ ಕೈಯಿಟ್ಟು, ಗುಟ್ಟು ಹೇಳುವವರಂತೆ ತಗ್ಗಿದ ದನಿಯಲ್ಲಿ ಮುಂದುವರಿಸಿದರು. "ಮಾನ್ವಿಗಿ ಯಾಕ ಕೊಡಲಿಲ್ಲ ಅಂತೀರಿ? ಸಣ್ಣಾಕಿಗಿ ವರಸಾಕ ಬರಂಗಿಲ್ರಿ."

ಅಂದಿನಿಂದ ಸಂಜೆ ಮಿಲ್ಲಿನಿಂದ ಬಂದೊಡನೆ ನಾನು ಗುಂಡು ತೆಗೆದು ಅದನ್ನು ಮಣೆಯ ಮೇಲಿಟ್ಟು ಎದುರಿಗೆ ಕೂರುತ್ತೇನೆ. ಗಿರಿಜಾ ಒರೆಸುತ್ತಾಳೆ, ಎಣ್ಣೆಯ ಬಟ್ಟೆ ಹಿಡಿದುಕೊಳ್ಳುವುದು ನನ್ನ ಪಾಲಿನ ಕೆಲಸ, ಅದರಲ್ಲೂ ಕೈ ಒದ್ದೆ ಇಲ್ಲವೆಂದು ಮೊದಲು ತೋರಿಸಬೇಕು. ಮಾವ ಊರಿಗೆ ಹೋದ ಮರುದಿನ ಷಡ್ಡಕ ತಡೆಯಲಾರದೆ ಫೋನು ಮಾಡಿದ. "ಅಣ್ಣಾರ, ಮಾವ ನೋಡಿ ಏನಂದ್ರು?"

"ಕೊಡುವಾಗ ಆರಿಸಿದ್ದು ಖರೇನ ಛಲೋ ಆತು ಅಂದ್ರು" ಎಂದೆ. ಯಾರನ್ನು ಆರಿಸಿದ್ದು ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.